ಮೂರು ಬೈಕ್ ಕಳವು ಕೇಸ್, ಎರಡೆರಡು ವರ್ಷ ಶಿಕ್ಷೆ: ಒಟ್ಟು ಎರಡೋ, ಆರೋ?

ಬ್ಯಾಡಗಿ ಅಕ್ಕ:
ನನ್ನ ತಮ್ಮ ಬೈಕ್ ಕದ್ದಿದ್ದು ನಿಜ. ಸುಳ್ಳು ಕೇಸ್ ಅಂತ ಹೇಳೋಕೆ ಬಂದಿಲ್ಲ. ಮೂರು ಗಾಡಿ, ಮೂರು ಸ್ಟೇಷನ್, ಮೂರು ಕೇಸ್. ಎಲ್ಲದರಲ್ಲೂ ತಪ್ಪು ಒಪ್ಪಿಕೊಂಡ. ಒಂದೊಂದಕ್ಕೂ ಹಳೆ ದಂಡ ಸಂಹಿತೆಯ (ಐಪಿಸಿ) ಕಳವಿನ ಕಲಂ 379ರಲ್ಲಿ ಎರಡು ವರ್ಷ, ಮೇಲೆ ಐದು ಸಾವಿರ ದಂಡ. ಎಲ್ಲಾ ಕೂಡಿಯೇ ನಡೆಯುತ್ತದೆ ಅಂದುಕೊಂಡಿದ್ದೆವು. ಅವ್ವ ಕ್ಯಾಲೆಂಡರಿನಲ್ಲಿ ಬಿಡುಗಡೆ ದಿನಕ್ಕೆ ಕುಂಕುಮದ ಬೊಟ್ಟು ಇಟ್ಟಿದ್ದಾಳೆ. ಹೋದ ವಾರ ಭೇಟಿಗೆ ಹೋದಾಗ ಜೈಲಿನವರು, "ಒಂದು ಮುಗಿದ ಮೇಲೆ ಇನ್ನೊಂದು, ಒಟ್ಟು ಆರು ವರ್ಷ" ಅಂದರು. ಹೀಗೂ ಮಾಡಬಹುದಾ? ನಾನು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುವವಳು. ಧಾರವಾಡ ಹೈಕೋರ್ಟಿಗೆ ಹೋಗೋಷ್ಟು ದುಡ್ಡಿಲ್ಲ.

ದುರ್ಗದಬೈಲ್ ಗಿರಾಕಿ:
ಬೇಜಾರಾಗಬೇಡಿ ಅಕ್ಕಾರೆ. ಮಿರ್ಚಿ ತಿಂದು ಕೈ ತೊಳೆಯೋಷ್ಟರಲ್ಲಿ ನನ್ನ ಗಾಡಿ ಹೋಗಿತ್ತು. ಮೂರು ತಿಂಗಳಾದ ಮೇಲೆ ಸಿಕ್ಕಿತು, ಬ್ಯಾಟರಿ ಇರಲಿಲ್ಲ. ಕಂತು ಮಾತ್ರ ತಪ್ಪದೇ ಕಟ್ಟಿದೆ. ಆರು ವರ್ಷ ಜಾಸ್ತಿ ಅಂತ ನನಗೇನೂ ಅನಿಸಲ್ಲ.

ನಿವೃತ್ತ ಸ್ಟೆನೋ, ಧಾರವಾಡ:
ಗಾಡಿ ಕಳೆದುಕೊಂಡವರ ಸಿಟ್ಟು ಖರೇನೇ. ಆದರೆ ಆ ಆರು ವರ್ಷವನ್ನು ಯಾರಾದರೂ ಕೂತು ಲೆಕ್ಕ ಹಾಕಿ ಕೊಟ್ಟರೋ, ಒಂದು ಸಾಲು ಬಿಟ್ಟುಹೋಗಿದ್ದಕ್ಕೆ ಬಂತೋ, ಅದನ್ನು ನೋಡಬೇಕು.

ತಂಗಿ, ಆರ್ಡರಿನ ಕೊನೆಯ ಹಾಳೆ ತೆಗಿ. ಶಿಕ್ಷೆಗಳು ಏಕಕಾಲಕ್ಕೆ ಜಾರಿಯಾಗಬೇಕು ಅಂತ ಇದೆಯಾ? ಬೇರೆ ಬೇರೆ ಕೇಸ್ ಆದಾಗ ಆ ಸಾಲು ಇಲ್ಲದಿದ್ದರೆ ಕಾಯ್ದೆ ಪ್ರಕಾರ ಒಂದರ ಹಿಂದೆ ಒಂದು. ಕ್ರಿಮಿನಲ್ ಕೇಸ್ ನಡೆಸುವ ಕಾಯ್ದೆಯಲ್ಲೇ ಇದೆ: ಮೊದಲು ಸಿಆರ್‌ಪಿಸಿ ಕಲಂ 427, ಈಗ ಬಿಎನ್‌ಎಸ್‌ಎಸ್ ಕಲಂ 467. ಜೈಲಿನವರದೇನೂ ತಪ್ಪಿಲ್ಲ. ನಾನು ವರ್ಷಗಟ್ಟಲೆ ಇಂಥ ಆರ್ಡರ್ ಟೈಪ್ ಮಾಡಿದವನು. ಸಂಜೆ ಐದೂವರೆಗೆ, ಗಡಿಬಿಡಿಯಲ್ಲಿ, ಆ ಸಾಲು ಯಾರ ಬಾಯಿಗೂ ಬರುವುದಿಲ್ಲ.

ಉತ್ತರ ಪ್ರದೇಶದ ಇಕ್ರಾಮ್ ಅನ್ನುವವನಿಗೆ ಹೀಗೇ ಆಗಿತ್ತು. ವಿದ್ಯುತ್ ಇಲಾಖೆಯ ಸಾಮಾನು ಕದ್ದ ಒಂಬತ್ತು ಕೇಸ್, ಒಂದೊಂದಕ್ಕೆ ಎರಡು ವರ್ಷ. ಒಟ್ಟು 18! ಅಲಹಾಬಾದ್ ಹೈಕೋರ್ಟ್ ಕೈ ಹಿಡಿಯಲಿಲ್ಲ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲವನ್ನೂ ಕೂಡಿಯೇ ನಡೆಸಿ ಅಂತ ಹೇಳಿತು. ಹಾಗಂತ ನಿಮಗೂ ಆಗಿಯೇ ತೀರುತ್ತದೆ ಅಂತ ನಾನು ಹೇಳಲ್ಲ. ಕೂಡಿಸುವುದು ಬಿಡುವುದು ಕೋರ್ಟಿನ ವಿವೇಚನೆ. ಬೇರೆ ಬೇರೆ ದಿನ ಕದ್ದಿದ್ದಾನೆ ಅಂತ ಸರ್ಕಾರಿ ವಕೀಲರು ಎದ್ದು ನಿಲ್ಲುತ್ತಾರೆ.

ಹಾಂ, ದಂಡ ಕಟ್ಟದಿದ್ದರೆ ಎಷ್ಟು ತಿಂಗಳು ಅಂತ ಬರೆದಿದ್ದಾರೆ?

ಬ್ಯಾಡಗಿ ಅಕ್ಕ:
ಝೆರಾಕ್ಸ್ ಮಸುಕಾಗಿದೆ, ಬಾಗಿಲಿಗೆ ಹಿಡಿದು ಓದಿದೆ. ಏಕಕಾಲಕ್ಕೆ ಅನ್ನೋ ಮಾತು ಮೂರರಲ್ಲೂ ಇಲ್ಲ. ದಂಡಕ್ಕೆ ಎರಡರಲ್ಲಿ ಮೂರು ತಿಂಗಳು. ಮೂರನೆಯದರಲ್ಲಿ ಒಂದು ವರ್ಷ.

ನಿವೃತ್ತ ಸ್ಟೆನೋ, ಧಾರವಾಡ:
ಆ ಒಂದು ವರ್ಷ ಕಾನೂನಿಗೇ ವಿರುದ್ಧ. 379ಕ್ಕೆ ಹೆಚ್ಚೆಂದರೆ ಮೂರು ವರ್ಷ. ದಂಡ ಕಟ್ಟದ್ದಕ್ಕೆ ಅದರ ಕಾಲು ಭಾಗ ಮೀರುವ ಹಾಗಿಲ್ಲ, ಐಪಿಸಿ 65. ಅಂದರೆ ಒಂಬತ್ತು ತಿಂಗಳು. ಇದರಲ್ಲಿ ವಿವೇಚನೆಯ ಮಾತೇ ಇಲ್ಲ, ಇಳಿಸಲೇಬೇಕು. ಇನ್ನೊಂದು: ದಂಡದ ಜೈಲು ಬೇರೆ ಶಿಕ್ಷೆ ಜೊತೆ ಕೂಡುವುದಿಲ್ಲ, ಮೇಲೆಯೇ ಬೀಳುತ್ತದೆ. ದುಡ್ಡು ಹೊಂದಿದರೆ ಮೊದಲು ಆ ಮೂರನೇ ಕೇಸಿನ ಐದು ಸಾವಿರ ಕಟ್ಟಿಬಿಡಿ. ಕಟ್ಟಿದರೆ ಆ ಜೈಲು ಉಳಿಯಿತು.

ತಪ್ಪು ಒಪ್ಪಿಕೊಂಡವನಿಗೆ ಅಪೀಲೇ ಇಲ್ಲ ಅನ್ನುತ್ತಾರೆ, ನಂಬಬೇಡಿ. ಶಿಕ್ಷೆ ಹೆಚ್ಚಾಯಿತು, ಕಾನೂನಿನಂತೆ ಇಲ್ಲ ಅಂತ ಹಾವೇರಿ ಸೆಷನ್ಸ್ ಕೋರ್ಟಿಗೆ ಹೋಗಬಹುದು. ಮೂವತ್ತು ದಿನದ ಗಡುವು ದಾಟಿದೆ, ತಡವಾದ ಕಾರಣ ಬರೆದು ಜೊತೆಗೊಂದು ಅರ್ಜಿ ಕೊಡಬೇಕು. ಮೂರನ್ನೂ ಕೂಡಿಸಿ ಅಂತ ಕೇಳೋದಕ್ಕೆ ಧಾರವಾಡ ಪೀಠ. ಜೈಲಿನಲ್ಲಿ ಇರುವವನಿಗೆ ವಕೀಲರು ಪುಕ್ಕಟೆ, 1987ರ ಕಾನೂನು ಸೇವೆಗಳ ಕಾಯ್ದೆಯಲ್ಲೇ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಂತ ಕೇಳಿ. ಮೂರೂ ಆರ್ಡರಿನ ಸರ್ಟಿಫೈಡ್ ಕಾಪಿ ಬೇಕು. ಆ ಮಸುಕು ಝೆರಾಕ್ಸ್ ನಡೆಯಲ್ಲ.

ದುರ್ಗದಬೈಲ್ ಗಿರಾಕಿ:
ಒಂಬತ್ತು ತಿಂಗಳ ಲೆಕ್ಕ ಗೊತ್ತಿರಲಿಲ್ಲ. ಕಾಯ್ದೆ ಮೀರಿದ್ದು ಸರಿಯಲ್ಲ ಬಿಡಿ. ಆದರೂ ನನ್ನ ಬ್ಯಾಟರಿ ದುಡ್ಡು ಯಾರು ಕೊಡ್ತಾರೆ?

ಬ್ಯಾಡಗಿ ಅಕ್ಕ:
ಬುಧವಾರ ಕೂಲಿ ಬಿಟ್ಟು ಹಾವೇರಿಗೆ ಹೋಗುತ್ತೇನೆ ಸರ್. ಆರು ವರ್ಷ ಅಂದಿದ್ದನ್ನು ಅವ್ವನಿಗೆ ಇನ್ನೂ ಹೇಳಿಲ್ಲ. ದಿನಾ ಬೆಳಗ್ಗೆ ಆ ಬೊಟ್ಟಿನವರೆಗೆ ಮನೆ ಎಣಿಸುತ್ತಾಳೆ.