ಪ್ರೊಜೆಕ್ಟರ್‌ನಲ್ಲಿ ಕನ್ನಡ ಹಾಡು ಒಡೆದು ಕಾಣುತ್ತಿದೆ, ಏನು ಮಾಡಲಿ?

ಪ್ರಶ್ನೆ: ಹಾಸನದ ಹತ್ತಿರ ನಮ್ಮ ಚರ್ಚಿನ ಸಭೆ. ಮೊದಲು 40 ಜನ ಬರುತ್ತಿದ್ದರು, ಈಗ 200 ದಾಟಿದೆ. ಹಾಡಿನ ಪುಸ್ತಕ ಸಾಲದೆ ಪರದೆ ಹಾಕಿದೆವು. ಟೈಪ್ ಮಾಡುವುದು ನಾನೇ, ಶನಿವಾರ ರಾತ್ರಿ ಮಗು ಮಲಗಿದ ಮೇಲೆ. ಮನೆಯಲ್ಲಿ ಎಲ್ಲ ಸರಿಯಿತ್ತು. ಭಾನುವಾರ ‘ಸ್ತೋತ್ರ’ ಅನ್ನುವ ಪದವೇ ಏನೇನೋ ಇಂಗ್ಲಿಷ್ ಗುರುತುಗಳಾಗಿ ಬಂತು. ಮುಂದಿನ ಸಾಲಿನ ಅಜ್ಜಿ ಹಾಡುವುದನ್ನೇ ನಿಲ್ಲಿಸಿಬಿಟ್ಟರು. ತುಂಬಾ ಬೇಜಾರಾಯಿತು.

ಉತ್ತರ 1: ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಅಕ್ಷರವನ್ನು ಒಂದೇ ರೀತಿ ಗುರುತಿಸುವ ಪದ್ಧತಿ) ಅಲ್ಲದ ಹಳೆಯ ಫಾಂಟ್ ಬಳಸಿದ್ದೀರಿ, ಅಲ್ವಾ? ಆ ಫಾಂಟ್ ಚರ್ಚಿನ ಲ್ಯಾಪ್‌ಟಾಪ್‌ನಲ್ಲಿ ಇಲ್ಲದಿದ್ದರೆ ಹೀಗೇ ಆಗುತ್ತದೆ. ಯೂನಿಕೋಡ್‌ಗೆ ಬದಲಿಸಿ. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಉಚಿತ. ಹಾಡು ತೋರಿಸಲು ಓಪನ್‌ಎಲ್‌ಪಿ ತಂತ್ರಾಂಶವೂ ಉಚಿತ.

ಉತ್ತರ 2: ಒಂದು ಸ್ಲೈಡಿಗೆ 4 ಸಾಲು ಸಾಕು. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಪಲ್ಲವಿ ಮರಳಿ ಬರುವ ಕಡೆಯೆಲ್ಲ ಪೂರ್ತಿ ಹಾಕಿ. ಸ್ಲೈಡ್ ಹಿಂದಕ್ಕೆ ಓಡಿಸುವಾಗಲೇ ಹಾಡುವವರು ತಡವರಿಸುವುದು.

ಕೇಳಿದವರು: ಹೌದು, ಹಳೆಯ ಫಾಂಟೇ! ಒಟ್ಟು 60 ಹಾಡು ಬದಲಿಸಬೇಕು. ಇವತ್ತು 12 ಮುಗಿಯಿತು. ಅಜ್ಜಿ ಯಾವಾಗಲೂ ಕೇಳುವ ಹಾಡಿನಿಂದಲೇ ಶುರು ಮಾಡಿದೆ.