ಸಹಾಯ ಬೇಕು: ಅಮ್ಮನ್ನ ಕಿಡ್ನಿ ಕಾಯಿಲೆ ಟ್ರಯಲ್‌ಗೆ ಸೇರಿಸೋದರ ಬಗ್ಗೆ

ಎಲ್ಲರಿಗೂ ನಮಸ್ಕಾರ, ಅಮ್ಮಂಗೆ ಎಷ್ಟೋ ವರ್ಷದಿಂದ ಕಿಡ್ನಿ ತೊಂದರೆ, ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸ್ತಿದೆ ಅನ್ನೋ ಲೆಕ್ಕ, ಕಮ್ಮಿ ಆದಷ್ಟೂ ಕಾಯಿಲೆ ಜಾಸ್ತಿ) ಈಗ 22, ಅಂದ್ರೆ ಸ್ಟೇಜ್ 4, ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಹೊಸ ಔಷಧಿ ಟ್ರಯಲ್‌ಗೆ ಸೇರಿಸ್ಬಹುದಾ ಅಂತ ಒಂದು ವಾರದಿಂದ ರಾತ್ರಿಯೆಲ್ಲಾ ಕೂತು ಓದ್ತಿದೀನಿ, ಓದಿದಷ್ಟೂ ತಲೆ ಕೆಡ್ತಿದೆ.

ಟ್ರಯಲ್‌ಗಳ ಪಟ್ಟಿ ಇರೋ ಕ್ಲಿನಿಕಲ್ ಟ್ರಯಲ್ಸ್ ಡಾಟ್ ಗವ್ ವೆಬ್‌ಸೈಟ್‌ನಲ್ಲಿ ಹುಡುಕಿದ್ರೆ ರಾಶಿ ಬರುತ್ತೆ, ಆದ್ರೆ ರಿಕ್ರೂಟಿಂಗ್ (ಈಗ ಜನರನ್ನ ಸೇರಿಸ್ಕೊಳ್ತಿದಾರೆ) ಅಂತ ಇರೋದು ಮಾತ್ರ ನಮಗೆ ಉಪಯೋಗ, ಅದ್ರಲ್ಲೂ ಒಂದೊಂದಕ್ಕೂ ಇಜಿಎಫ್‌ಆರ್ ಲಿಮಿಟ್ ಬೇರೆ ಬೇರೆ. 2020ರ ಡಾಪಾ-ಸಿಕೆಡಿ ಸ್ಟಡಿಲಿ 4,304 ಜನ ಇದ್ರು, ಶುಗರ್ ಇಲ್ದಿರೋರಿಗೂ ಡಾಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆಯಿಂದ ಅನುಕೂಲ ಆಯ್ತು, ಆದ್ರೆ ಸೇರಿಸ್ಕೊಂಡಿದ್ದು ಇಜಿಎಫ್‌ಆರ್ 25ರಿಂದ 75ರ ಒಳಗಿದ್ದೋರನ್ನ ಮಾತ್ರ. ಕಾಯಿಲೆ ಜಾಸ್ತಿ ಇರೋರಿಗೆ ತಾನೇ ಔಷಧಿ ಹೆಚ್ಚು ಬೇಕಾಗಿರೋದು, ಅವ್ರೇ ಹೊರಗೆ ಉಳೀತಾರಲ್ಲ ಅಂತ ಸಂಕಟ ಆಗುತ್ತೆ.

ನೀವೋ ನಿಮ್ಮ ಮನೇವ್ರೋ ಸೇರಿದ್ರೆ ದಯವಿಟ್ಟು ಹೇಳಿ, ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರ್) ಹತ್ರ ಹೇಗೆ ಕೇಳಿದ್ರಿ, ಸ್ಕ್ರೀನಿಂಗ್‌ಗೆ ಕ್ರಿಯಾಟಿನಿನ್, ಯೂರಿನ್ ಆಲ್ಬುಮಿನ್ ರಿಪೋರ್ಟ್ ಎಷ್ಟು ಹಳೇದು ಕೇಳಿದ್ರು, ಬಿಪಿ ಮಾತ್ರೆ ಬದಲಾಯಿಸ್ಬೇಕಾಯ್ತಾ? ಒಪ್ಪಿಗೆ ಕೊಟ್ಮೇಲೂ ಯಾವಾಗ ಬೇಕಾದ್ರೂ ಬಿಟ್ಟು ಬರ್ಬಹುದು ಅಂತ ಓದಿ ನಂಗೆ ಸ್ವಲ್ಪ ಧೈರ್ಯ ಬಂತು, ಅಮ್ಮಂಗೆ ಮಾತ್ರ "ನನ್ ಮೇಲೆ ಪ್ರಯೋಗ ಮಾಡ್ತಾರೇನೋ" ಅನ್ನೋ ಭಯ, ಪ್ಲಸೀಬೋ (ಹೋಲಿಕೆಗೆ ಕೊಡೋ, ಔಷಧಿ ಇಲ್ಲದ ಮಾತ್ರೆ) ಅಂದ್ರೇನು ಅಂತ ಹೇಳೋಕೆ ಹೋಗಿ ಇನ್ನೂ ಹೆದರಿಸ್ಬಿಟ್ಟೆ. ಕನ್ಸೆಂಟ್ ಫಾರ್ಮ್‌ನಲ್ಲಿ ಇರೋದನ್ನ ವಯಸ್ಸಾದೋರಿಗೆ ಅರ್ಥ ಆಗೋ ಹಾಗೆ ಹೇಗೆ ಹೇಳಿದ್ರಿ? ಡಯಾಲಿಸಿಸ್ ಶುರುವಾದ್ಮೇಲೆ ಟ್ರಯಲ್ ಸೇರಿದೋರು ಇದ್ರೆ ಅವ್ರೂ ಬರೀರಿ.