ಪುಟ್ಟಿಯ ಎಂ.ಎ. ಅರ್ಜಿ: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಮಂಡ್ಯದ ಮಾವ: (ಫಾರ್ವರ್ಡ್ ಆದ ಚಿತ್ರ: "ಕೆಲಸ ಕೊಡದ ಪದವಿಗಳು") ನಾಲ್ಕನೆಯ ಸಾಲನ್ನು ಎಲ್ಲರೂ ನೋಡಿ. ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ಎಂದು ಸ್ಪಷ್ಟವಾಗಿ ಬರೆದಿದೆ. ಪುಟ್ಟಿ ಅದೇ ವಿಷಯದ ಎಂ.ಎ.ಗೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಅರ್ಜಿ ಹಾಕುವ ಮೊದಲು ಇದನ್ನು ಓದಲಿ. ಹಳಗನ್ನಡ, ಸಂಸ್ಕೃತಗಳ ಮೇಲೆ ನನಗೂ ಗೌರವವಿದೆ. ಆದರೆ ಅವನ್ನು ಸಂಜೆ ಹೊತ್ತು ಮನೆಯಲ್ಲೇ ಕುಳಿತು ಓದಿಕೊಳ್ಳಬಹುದು. ಎರಡು ವರ್ಷ ಅದಕ್ಕೇ ಮೀಸಲಿಟ್ಟರೆ ಮುಂದೆ ಹೊಟ್ಟೆಪಾಡಿಗೆ ಏನು ದಾರಿ?

ಚಿಕ್ಕಮ್ಮ: ಅಣ್ಣಾ, ಹೊಟ್ಟೆಪಾಡಿನ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಮನೆಯಲ್ಲಿ ಕುಳಿತು ಓದಿಕೊಳ್ಳಬಹುದು ಎಂದಿರಲ್ಲ, ಅದನ್ನು ಒಪ್ಪಲಾರೆ. ನಿಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನೇ ತೆಗೆದುಕೊಳ್ಳಿ. ಕ್ರಿ.ಶ. 949–50ರ ಆ ಕಲ್ಲಿನಲ್ಲಿ ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧವಿದೆ, ಚೋಳ ರಾಜಾದಿತ್ಯನ ಸಾವಿದೆ. ಅದರ ಜೊತೆಗೇ, ಒಡೆಯ ಮೆಚ್ಚಿ ಬೇಡಿಕೋ ಎಂದಾಗ ಮಣಲೇರನೆಂಬ ವೀರ ಕಾಳಿ ಎಂಬ ನಾಯಿಯನ್ನು ಬೇಡಿದ್ದು, ಅದು ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತದ್ದು, ಆ ನಾಯಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟದ್ದು, ಇಷ್ಟೂ ಇದೆ. ಇದು ನಮಗೆ ತಿಳಿದಿರುವುದು ಯಾರೋ ಅದನ್ನು ಓದಲು ಕಲಿತಿದ್ದರಿಂದ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಗೆ ಕಾಗದ ಇಳಿಸಿ, ಮೇಲೆ ಮಸಿ ಒತ್ತಿದಾಗ ಬರುವ ಪಡಿಯಚ್ಚಿನಲ್ಲಿ ಅಕ್ಷರ ಬಿಳಿದಾಗಿ ಉಳಿಯುತ್ತದೆ. ಅಲ್ಲಿ ಈಗ ಬಳಕೆಯಲ್ಲಿಲ್ಲದ ಹಳೆಯ ೞ ಅಕ್ಷರವೂ ಳ ಅಕ್ಷರವೂ ಬೇರೆ ಬೇರೆ ಎಂದು ತಿಳಿಯದವನಿಗೆ ಬಾೞ್ ಎಂಬ ಬದುಕೂ ಬಾಳ್ ಎಂಬ ಕತ್ತಿಯೂ ಒಂದೇ ಆಗಿಬಿಡುತ್ತವೆ. ಹಳೆಯ ಱ ಮತ್ತು ರ ಕೂಡ ಹಾಗೆಯೇ: ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಪಕ್ಕದಲ್ಲಿ ಗುರು ಕುಳಿತು ತಿದ್ದದೆ ಈ ಕಣ್ಣು ಬರುವುದಿಲ್ಲ.

ಮಂಡ್ಯದ ಮಾವ: ಅವೆಲ್ಲವನ್ನೂ ಶಾಸನಗಳನ್ನು ಸಂಗ್ರಹಿಸಿದ ರೈಸ್ ಸಾಹೇಬರ ಕಾಲದಲ್ಲೇ ಓದಿ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದಾರಲ್ಲ. ಇನ್ನು ಉಳಿದಿರುವುದೇನು?

ಚಿಕ್ಕಮ್ಮ: ಹಲ್ಮಿಡಿ ಶಾಸನ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದದ್ದು 1936ರಲ್ಲಿ, ರೈಸ್ ನಿವೃತ್ತರಾದ ಎಷ್ಟೋ ವರ್ಷಗಳ ಮೇಲೆ. ಅದರ ಕಾಲ, ಕೆಲವು ಪದಗಳ ಅರ್ಥ ಇವುಗಳ ಬಗ್ಗೆ ವಿದ್ವಾಂಸರು ಇಂದಿಗೂ ವಾದಿಸುತ್ತಿದ್ದಾರೆ. ಇನ್ನು ನಮ್ಮ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರವನ್ನು ನೆನೆಯಿರಿ. 1905ರಲ್ಲಿ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯ ಕಟ್ಟು, ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥ ಎಂಬ ಲಿಪಿಯಲ್ಲಿತ್ತು. ಅದುವರೆಗೆ ಬೇರೆ ಗ್ರಂಥಗಳಲ್ಲಿ ಬಂದ ಉಲ್ಲೇಖಗಳಿಂದಷ್ಟೇ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದೇ ಎಂದು ಭಂಡಾರದ ಗ್ರಂಥಪಾಲರಾಗಿದ್ದ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಅಂದು ಆ ಕುರ್ಚಿಯಲ್ಲಿ ಲಿಪಿ, ಭಾಷೆ, ವಿಷಯ ಮೂರನ್ನೂ ಬಲ್ಲ ಒಬ್ಬರು ಕುಳಿತಿರದಿದ್ದರೆ, ಆ ಕಟ್ಟು ಕಪಾಟಿನಲ್ಲೇ ಉಳಿದು ಹುಳುಗಳ ಪಾಲಾಗಬಹುದಿತ್ತು. ನನಗೆ ಭಯವಿರುವುದು ಇದರದೇ. ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ಬಂದಾಗ ನಾವು ಸಿಹಿ ಹಂಚಿದೆವು. ಆ ಹಳೆಯ ಕನ್ನಡವನ್ನು ಓದಲು ನಮ್ಮ ಮನೆಯ ಹುಡುಗಿಯೇ ಹೊರಟರೆ ಬೇಡ ಎನ್ನುವುದು ಯಾವ ನ್ಯಾಯ?

ಪುಟ್ಟಿ: ಮಾವ, ಹುದ್ದೆಗಳು ಕಡಿಮೆ ಎಂಬುದು ನನಗೆ ಗೊತ್ತಿದೆ. ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ ಮೈಸೂರಿನಲ್ಲೇ ಇದ್ದರೂ ಅಲ್ಲಿ ಕೆಲಸ ಸಿಗುತ್ತದೆಂದು ನಂಬಿ ಕೂರುವವಳಲ್ಲ. ಎಂ.ಎ. ಮುಗಿಯುವ ಹೊತ್ತಿಗೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್ ಎರಡನ್ನೂ ಬರೆಯುತ್ತೇನೆ, ಆಗದಿದ್ದರೆ ಬಿ.ಎಡ್. ಮಾಡಿ ಪಾಠ ಹೇಳುತ್ತೇನೆ. ಆತಕೂರಿನ ಕಲ್ಲನ್ನು ಬೆಂಗಳೂರಿನ ಮ್ಯೂಸಿಯಂನಲ್ಲಿ ನೋಡಿದಾಗ ಕಾಳಿಯ ಹೆಸರನ್ನು ನಾನೇ ಹುಡುಕಲು ಹೋಗಿ ಸೋತೆ. ಮುಂದಿನ ಸಲ ಸೋಲಬಾರದು.

ಮಂಡ್ಯದ ಮಾವ: ಬಿ.ಎಡ್. ಮಾತನ್ನು ಮರೆಯುವುದಿಲ್ಲವೆಂದರೆ ನಾನು ಅಡ್ಡ ಬರುವುದಿಲ್ಲ. ನಾನು ಕಳಿಸಿದ ಆ ಪದವಿಗಳ ಪಟ್ಟಿಯನ್ನು ಮಾತ್ರ ಅಳಿಸುವುದಿಲ್ಲ, ಹೊಟ್ಟೆಪಾಡಿನ ಲೆಕ್ಕ ಎಲ್ಲರ ಕಣ್ಣ ಮುಂದಿರಬೇಕು. ಆತಕೂರು ನಮ್ಮ ತೋಟದಿಂದ ದೂರವೇನಲ್ಲ. ಚಲ್ಲೇಶ್ವರನ ಗುಡಿ ಈಗ ಹೇಗಿದೆ ಎಂದು ಭಾನುವಾರ ಹೋಗಿ ನೋಡಿ ಬರುತ್ತೇನೆ.